ಯುಗಾದಿಗೆ ಊರಲ್ಲಿ ಇಲ್ಲದವರು

ಈ ವರ್ಷ, 2026ರಲ್ಲಿ, ಯುಗಾದಿ ಮಾರ್ಚ್ 19ರ ಗುರುವಾರ ಬಂದಿದೆ. ಹೊರದೇಶದಲ್ಲಿ ಓದುತ್ತಿರುವ ಮಕ್ಕಳಿಂದಲೂ ಇಲ್ಲಿರುವ ಅವರ ಹೆತ್ತವರಿಂದಲೂ ಹಬ್ಬದ ಬಗ್ಗೆಯೇ ಇಷ್ಟೊಂದು ಪತ್ರಗಳು ಬಂದಿವೆ. ಆದ್ದರಿಂದ ವೀಸಾ, ವಿದ್ಯಾರ್ಥಿವೇತನದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ನಾನು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಓದಿದವಳು. 1999ರ ಅಕ್ಟೋಬರಿನಿಂದ ಮೂರು ವರ್ಷ ಅಲ್ಲಿದ್ದೆ. ಉತ್ತರಗಳಲ್ಲಿ ಆ ಊರಿನ ನೆನಪು ಹೆಚ್ಚಾಗಿ ಇಣುಕಿದರೆ ಕಾರಣ ಅದು.

ಪ್ರಶ್ನೆ: ಡ್ರೆಸ್ಡೆನ್‌ನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಬಂದು ಐದು ತಿಂಗಳಾಯಿತು. ಹಬ್ಬದ ಹೊತ್ತಿಗೆ ಪರೀಕ್ಷೆಗಳು ಮುಗಿದು ಹಾಸ್ಟೆಲ್ ಖಾಲಿಯಾಗಿರುತ್ತದೆ. ನಮ್ಮ ಮಹಡಿಯ ಹನ್ನೆರಡು ಕೋಣೆಗಳಲ್ಲಿ ಮೂವರೋ ನಾಲ್ವರೋ ಉಳಿಯುತ್ತಾರೆ. ಕನ್ನಡದವರು ಯಾರೂ ಇಲ್ಲ. ಒಬ್ಬಳೇ ಏನು ಹಬ್ಬ ಮಾಡುವುದು? ಅಂದು ಬಾಗಿಲು ಹಾಕಿಕೊಂಡು ಮಲಗಿಬಿಡೋಣ ಅನಿಸುತ್ತಿದೆ.
— ಎಸ್., ಡ್ರೆಸ್ಡೆನ್

ಮಲಗಬೇಡ ಮಗೂ. ಆ ಕೆಲಸವನ್ನು ನಾನು ಮಾಡಿ ನೋಡಿದ್ದೇನೆ.

ಹೊರಗೆ ಓದುವವರಿಗೆ ದೀಪಾವಳಿಗಿಂತ ಯುಗಾದಿ ಕಷ್ಟ. ದೀಪಾವಳಿ ಬರುವಾಗ ತರಗತಿಗಳು ನಡೆಯುತ್ತಿರುತ್ತವೆ, ಭಾರತದ ಎಲ್ಲ ಮೂಲೆಯ ಹುಡುಗರೂ ಸೇರುತ್ತಾರೆ, ಯಾರೋ ಒಬ್ಬರು ಸಭಾಂಗಣ ಹಿಡಿದಿರುತ್ತಾರೆ. ಯುಗಾದಿ ನಮ್ಮದು, ತೆಲುಗರದು, ಗುಡಿ ಪಾಡ್ವಾ ಎಂದು ಮರಾಠಿಗರದು. ಉಳಿದ ಬಹುಪಾಲಿನವರಿಗೆ ಅದು ಬರಿಯ ಒಂದು ವಾರದ ದಿನ. ಸಾಲದ್ದಕ್ಕೆ ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಪಾಠ ಫೆಬ್ರುವರಿಯಲ್ಲಿ ಮುಗಿದರೆ ಬೇಸಿಗೆಯ ಪಾಠ ಏಪ್ರಿಲ್‌ನಲ್ಲಿ ಶುರು. ನಡುವಿನ ಆ ನಿಶ್ಶಬ್ದದಲ್ಲಿ ಯುಗಾದಿ ಬರುತ್ತದೆ.

ನನ್ನ ಮೊದಲ ಪರದೇಶದ ಯುಗಾದಿ 2000ನೇ ಇಸವಿಯ ಏಪ್ರಿಲ್ 5, ಬುಧವಾರ. ಯಾರಿಗೂ ಹೇಳಲಿಲ್ಲ. ಓದಲು ಬಂದವಳಿಗೆ ಹಬ್ಬವೇನು ಎಂದು ನನಗೆ ನಾನೇ ಹೇಳಿಕೊಂಡು ಎಂದಿನಂತೆ ಪ್ರಯೋಗಾಲಯಕ್ಕೆ ಹೋದೆ. ಮಧ್ಯಾಹ್ನ ಒಂದು ಗಂಟೆಗೆ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಬೇಯಿಸಿದ ಆಲೂಗಡ್ಡೆಯ ತಟ್ಟೆ ಮುಂದಿಟ್ಟುಕೊಂಡು ಗಡಿಯಾರ ನೋಡಿದೆ. ಅರಸೀಕೆರೆಯಲ್ಲಿ ಆಗ ನಾಲ್ಕೂವರೆ. ಅಮ್ಮ ಸೀರೆ ಬದಲಿಸಿ, ಪಂಚಾಂಗ ಶ್ರವಣಕ್ಕೆ ದೇವಸ್ಥಾನಕ್ಕೆ ಹೊರಡುವ ಹೊತ್ತು. ಅಲ್ಲಿಂದಾಚೆಗೆ ಅಂದು ಏನು ಮಾಡಿದೆನೋ ನೆನಪಿಲ್ಲ. ಕೋಣೆಗೆ ಬಂದವಳು ಕೋಟು ಕೂಡ ತೆಗೆಯದೆ, ದೀಪ ಹಾಕದೆ, ಹಾಸಿಗೆಯ ಮೇಲೆ ಬಿದ್ದುಕೊಂಡೆ.

ಏಳು ಗಂಟೆಯ ಸುಮಾರಿಗೆ ಪಕ್ಕದ ಕೋಣೆಯ ಇರಾನಿ ಹುಡುಗಿ ಬಾಗಿಲು ತಟ್ಟಿದಳು, ನನ್ನ ಬಾಣಲೆ ಹಿಂದಿರುಗಿಸಲು. ಎರಡು ವಾರದ ಹಿಂದೆ, ಮಾರ್ಚ್ 20ರಂದು, ಅವಳ ಹೊಸ ವರ್ಷ ನೌರೂಜ್. ಅಂದು ನನ್ನನ್ನು ಕರೆದು ಮೇಜಿನ ಮೇಲೆ ಜೋಡಿಸಿದ್ದ ಏಳು ವಸ್ತುಗಳನ್ನು ಒಂದೊಂದಾಗಿ ತೋರಿಸಿದ್ದಳು. ಅವಳ ಭಾಷೆಯಲ್ಲಿ ಎಲ್ಲವೂ ‘ಸ’ಕಾರದಿಂದ ಶುರುವಾಗುತ್ತವೆ: ಸೇಬು, ಬೆಳ್ಳುಳ್ಳಿ, ವಿನಿಗರ್, ತಟ್ಟೆಯಲ್ಲಿ ಮೊಳಕೆ ಬರಿಸಿದ ಗೋಧಿಯ ಹಸಿರು. ಈಗ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಳು. ಇವತ್ತು ನಮ್ಮ ಹೊಸ ವರ್ಷ ಎಂದೆ. ಅವಳಿಗೆ ನಿಜವಾಗಿ ಸಿಟ್ಟು ಬಂತು. ‘ಬೆಳಿಗ್ಗೆ ಯಾಕೆ ಹೇಳಲಿಲ್ಲ? ನನ್ನ ಹಬ್ಬಕ್ಕೆ ನೀನು ಬಂದಿದ್ದೆಯಲ್ಲ?’

ನನ್ನಲ್ಲಿ ಬೇವು ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಸಾಂಬಾರ ಡಬ್ಬಿಯ ಮೆಂತ್ಯವನ್ನು ಲೋಟದ ತಳದಲ್ಲಿ ಕುಟ್ಟಿ, ಸಕ್ಕರೆ ಬೆರೆಸಿ ಅವಳ ಅಂಗೈಗೆ ಹಾಕಿದೆ. ಅವಳು ಅಗಿದು ಮುಖ ಕಿವುಚಿ, ‘ಹೊಸ ವರ್ಷದ ದಿನ ಕಹಿ ಯಾಕೆ?’ ಎಂದಳು. ಉತ್ತರ ಹೇಳಬೇಕಲ್ಲ. ಹುಟ್ಟಿದಾಗಿನಿಂದ ಅಮ್ಮ ಬಾಯಿಗಿಟ್ಟಿದ್ದನ್ನು ನುಂಗುತ್ತಾ ಬಂದವಳು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಹರುಕು ಜರ್ಮನ್ ಭಾಷೆಯಲ್ಲಿ, ಮೊದಲ ಬಾರಿಗೆ ಅದರ ಅರ್ಥ ಹುಡುಕಿದೆ. ಬರುವ ವರ್ಷದಲ್ಲಿ ಎರಡೂ ಬರುತ್ತವೆ, ಎರಡನ್ನೂ ಒಂದೇ ಬಾಯಲ್ಲಿ ತಿನ್ನಬೇಕು, ಒಂದನ್ನು ಆರಿಸಿಕೊಳ್ಳುವ ಹಾಗಿಲ್ಲ, ಎಂದೆ. ಅವಳು ಮತ್ತೊಂದು ಚಿಟಿಕೆ ಕೇಳಿ ತಿಂದಳು. ರಾತ್ರಿ ಒಂಬತ್ತಕ್ಕೆ ಅನ್ನ ಸಾರು ಮಾಡಿ ಇಬ್ಬರೂ ಉಂಡೆವು. ಅದಾದ ಮೇಲೆ ಎಷ್ಟೋ ಯುಗಾದಿಗಳನ್ನು ಹೋಳಿಗೆ, ಮಾವಿನಕಾಯಿ ಚಿತ್ರಾನ್ನಗಳೊಂದಿಗೆ ಮಾಡಿದ್ದೇನೆ. ಆ ಒಂದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ನೆನಪಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟೇ. ಪೂರ್ತಿ ಹಬ್ಬ ಮಾಡಲು ಹೋಗಬೇಡ. ಒಂದು ಅಡುಗೆ ಮಾಡು, ಒಬ್ಬರಿಗೆ ಬಡಿಸು. ಬೆಳಿಗ್ಗೆ ಎಣ್ಣೆಸ್ನಾನ ಮಾಡು. ಹಂಚಿಕೊಳ್ಳುವ ಸ್ನಾನದ ಮನೆಯಾದರೆ ನೆಲವನ್ನು ಸೋಪು ಹಾಕಿ ತೊಳೆದು ಬಾ, ನಿನ್ನ ಹಬ್ಬಕ್ಕೆ ಇನ್ನೊಬ್ಬರು ಜಾರಿ ಬೀಳಬಾರದು. ಹೊಸದೇನಾದರೂ ಉಟ್ಟುಕೋ, ಕಾಲುಚೀಲವಾದರೂ ಸರಿ.

ಈ ವರ್ಷ ನಿನಗೆ ಒಂದು ಅನುಕೂಲವಿದೆ. ಮಾರ್ಚ್ 19ಕ್ಕೆ ಯುಗಾದಿ, 20ಕ್ಕೆ ನೌರೂಜ್, ಅದರ ಆಸುಪಾಸಿನಲ್ಲೇ ಚಂದ್ರ ಕಂಡಂತೆ ರಂಜಾನ್ ಹಬ್ಬ. ಖಾಲಿ ಹಾಸ್ಟೆಲಿನಲ್ಲಿ ಉಳಿಯುವವರು ಸಾಮಾನ್ಯವಾಗಿ ಮನೆ ದೂರವಿರುವವರೇ. ಇರಾನಿನವರೋ ಸಿರಿಯಾದವರೋ ತುರ್ಕಿಯವರೋ ನಿನ್ನ ಮಹಡಿಯಲ್ಲಿ ಇದ್ದರೂ ಇರಬಹುದು. ರಂಜಾನ್ ಉಪವಾಸ ಇರುವವರಾದರೆ ಸೂರ್ಯ ಮುಳುಗಿದ ಮೇಲೆ ಕರೆ. ಹೋಳಿಗೆಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಹಿಂದಿನ ದಿನವೇ ಹೇಳಿಡು. ನನ್ನಂತೆ ಹಬ್ಬದ ಸಂಜೆ ಏಳರವರೆಗೆ ಕಾಯಬೇಡ.

ಪ್ರಶ್ನೆ: ಬೇವಿಗೆ ಏನು ಮಾಡಲಿ? ಇಲ್ಲಿನ ಹೂಗಿಡದ ಅಂಗಡಿಯಲ್ಲಿ ಬೇವಿನ ಎಣ್ಣೆ ಕಂಡೆ. ಎರಡು ಹನಿ ಬೆಲ್ಲಕ್ಕೆ ಹಾಕಿದರೆ ಆಗುತ್ತದೆಯೇ?
— ಆರ್., ಆಖೆನ್

ಖಂಡಿತ ಬೇಡ! ಅದು ಗಿಡದ ಹುಳು ಕೊಲ್ಲಲು ಇಟ್ಟಿರುವುದು, ತಿನ್ನುವುದಕ್ಕಲ್ಲ. ಒಂದು ಹನಿಯೂ ಬಾಯಿಗೆ ಹೋಗಬಾರದು.

ಬೇವಿನ ಮರ ಅಲ್ಲಿನ ಹಿಮಕ್ಕೆ ಬದುಕುವುದಿಲ್ಲ, ಹಸಿ ಎಲೆಯ ಆಸೆ ಬಿಡು. ಆದರೆ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಬ್ರಿಟನ್‌ಗಳಲ್ಲಿ ಶ್ರೀಲಂಕಾದ ತಮಿಳರು ನಡೆಸುವ ದಿನಸಿ ಅಂಗಡಿಗಳು ಎಷ್ಟೋ ಇವೆ. ಅಲ್ಲಿ ‘ವೇಪ್ಪಂ ಪೂ’ ಎಂದು ಕೇಳು. ಒಣಗಿಸಿದ ಬೇವಿನ ಹೂವು. ತಮಿಳರು ರಸಕ್ಕೆ ಹಾಕುತ್ತಾರೆ. ನಮಗೂ ಯುಗಾದಿಗೆ ಹೂವೇ ಶ್ರೇಷ್ಠ. ಒಂದು ಪೊಟ್ಟಣ ಮೂರು ಯುಗಾದಿಗೆ ಸಾಕು.

ಅದೂ ಸಿಗದಿದ್ದರೆ ಅಲ್ಲಿನ ಸೂಪರ್ ಮಾರ್ಕೆಟ್ಟಿನ ತರಕಾರಿ ಕಪಾಟಿನಲ್ಲಿ ಚಳಿಗಾಲವಿಡೀ ಬಿಳಿ ಹಳದಿ ಮೊಗ್ಗಿನಂಥ ಒಂದು ಸೊಪ್ಪು ಇರುತ್ತದೆ, ಚಿಕೊರೆ ಎನ್ನುತ್ತಾರೆ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರು ಇದೇ ಗಿಡದ ಇನ್ನೊಂದು ತಳಿ. ಎಲೆ ಕಹಿ, ಬುಡದ ಕಡೆ ಇನ್ನೂ ಕಹಿ. ಸಣ್ಣಗೆ ಹೆಚ್ಚಿ ಬೆಲ್ಲದೊಡನೆ ಬೆರೆಸಿದರೆ ಬೇವಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ. ಕಾಫಿನಾಡಿನವನಾದರೆ ನಿನಗೆ ನೆಂಟಸ್ತಿಕೆಯೂ ಕೂಡುತ್ತದೆ. ನಾನು ಎರಡನೆಯ ವರ್ಷ ಇದನ್ನೇ ಮಾಡಿದೆ.

ಬೆಲ್ಲ ಭಾರತೀಯ ಅಂಗಡಿಯಲ್ಲಿ ಸಿಗದ ಊರಾದರೆ ದಕ್ಷಿಣ ಅಮೆರಿಕದವರ ಅಂಗಡಿಯಲ್ಲಿ ‘ಪನೇಲಾ’ ಕೇಳು. ಕಬ್ಬಿನ ಹಾಲು ಕಾಯಿಸಿ ಅಚ್ಚು ಹಾಕಿದ್ದು. ಮಂಡ್ಯದವರಿಗೆ ಕೊಟ್ಟರೂ ಬೆಲ್ಲ ಎಂದೇ ತಿನ್ನುತ್ತಾರೆ.

ಪ್ರಶ್ನೆ: ಮಗಳು ನೆದರ್‌ಲೆಂಡ್ಸ್‌ನ ಐಂಡ್‌ಹೋವೆನ್‌ನಲ್ಲಿ ಓದುತ್ತಿದ್ದಾಳೆ. ನಮ್ಮ ಪರಿಚಯದ ಹುಡುಗನೊಬ್ಬ ಮಾರ್ಚ್ ಮೊದಲ ವಾರ ಅಲ್ಲಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಂದು ಕೆ.ಜಿ. ಮನೆಯ ತುಪ್ಪ, ಮಾವಿನ ಸೊಪ್ಪು, ಬೇವು, ಸ್ವಲ್ಪ ಪೇಡ, ಒಣ ಕೊಬ್ಬರಿ ಕಳಿಸಬಹುದೇ?
— ಒಬ್ಬ ತಾಯಿ, ಹಾಸನ

ನಿಮ್ಮ ಪಟ್ಟಿಯಲ್ಲಿ ಒಂದೂ ಉಳಿಯುವುದಿಲ್ಲ ಎಂದು ಹೇಳಲು ನನಗೆ ಬೇಸರವಾಗುತ್ತಿದೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು, ಮಾಂಸವನ್ನು ತರುವಂತಿಲ್ಲ. ತುಪ್ಪವೂ ಪೇಡವೂ ಹಾಲಿನ ಪದಾರ್ಥಗಳೇ. ಹಸಿ ಸೊಪ್ಪು, ಹೂವು, ಹಣ್ಣುಗಳಿಗೆ 2019ರ ಡಿಸೆಂಬರ್ 14ರಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಿಲ್ಲದೆ ಬಿಡುವುದು ಅನಾನಸ್, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಡೂರಿಯನ್ ಎಂಬ ಐದನ್ನು ಮಾತ್ರ. ತೆಂಗಿನಕಾಯಿಗೆ ಅಲ್ಲಿ ತಡೆಯಿಲ್ಲ, ಆದರೆ ಒಣ ಕೊಬ್ಬರಿಗೆ ಇಲ್ಲಿಯೇ ತಡೆ: ಎಣ್ಣೆ ಹೆಚ್ಚಿರುವುದರಿಂದ ಅದು ಬೆಂಕಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನದ ಸಾಮಾನಿನಲ್ಲಿ ಹಾಕಬಾರದು. ಇದನ್ನೆಲ್ಲ ಒಬ್ಬ ಹುಡುಗನ ಚೀಲಕ್ಕೆ ತುರುಕಿ ಅವನನ್ನು ಸುಂಕದ ಕಟ್ಟೆಯಲ್ಲಿ ನಿಲ್ಲಿಸಬೇಡಿ. ಅವನೂ ಯಾರದೋ ಮಗ.

ಕಳಿಸಬಹುದಾದದ್ದು ಕಡಿಮೆಯೇನಿಲ್ಲ. ಅಚ್ಚುಬೆಲ್ಲ, ಸಾರಿನಪುಡಿ, ಹುಣಿಸೆ ಗೊಜ್ಜು, ಅರಿಶಿನ ಕುಂಕುಮ, ಪುಟ್ಟ ಸೇರು, ಬಟ್ಟೆಯಲ್ಲಿ ಹೊಲಿದ ಮಾವಿನೆಲೆಯ ತೋರಣ. ತುಪ್ಪದ ಚಿಂತೆ ಬಿಡಿ, ಹಾಲೆಂಡಿನಲ್ಲಿ ಬೆಣ್ಣೆಗೆ ಬರವೇ? ಉಪ್ಪಿಲ್ಲದ ಬೆಣ್ಣೆ ಕೊಳ್ಳಲು ಹೇಳಿ, ಒಂದು ಭಾನುವಾರ ಫೋನಿನಲ್ಲಿ ಜೊತೆಗಿದ್ದು ಕಾಯಿಸುವುದನ್ನು ಕಲಿಸಿ. ಚಟಪಟ ಸದ್ದು ಅಡಗಿ, ತಳದ ಗಸಿ ಕೆಂಪಗಾಗಿ, ಘಮ ಬಂದ ಕೂಡಲೇ ಇಳಿಸಬೇಕೆಂದು ನಿಮ್ಮ ಬಾಯಿಂದಲೇ ಕೇಳಲಿ. ಡಬ್ಬಿಯ ತುಪ್ಪ ಎರಡು ತಿಂಗಳಿಗೆ ಮುಗಿದುಹೋಗುತ್ತದೆ, ಕಲಿತದ್ದು ಅವಳ ಕೈಯಲ್ಲಿ ಉಳಿಯುತ್ತದೆ.

ಪ್ರಶ್ನೆ: ಕಳೆದ ವರ್ಷ ನಮ್ಮ ಮನೆಯಲ್ಲಿ ಯುಗಾದಿ ಮಾರ್ಚ್ 30ಕ್ಕೆ, ಇಲ್ಲಿನ ದೇವಸ್ಥಾನದಲ್ಲಿ 29ಕ್ಕೆ ಆಯಿತು. ಅಜ್ಜಿ ‘ಅವರದು ತಪ್ಪು’ ಎನ್ನುತ್ತಾರೆ. ಯಾವುದು ಸರಿ?
— ವಿ., ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಎರಡೂ ಸರಿ. ಅಜ್ಜಿಗೆ ಹೀಗೆ ಹೇಳು: ತಿಥಿ ಶುರುವಾಗುವ ಕ್ಷಣ ಲೋಕಕ್ಕೆಲ್ಲ ಒಂದೇ, ಆದರೆ ಹಬ್ಬವನ್ನು ನಿರ್ಣಯಿಸುವುದು ಆಯಾ ಊರಿನ ಸೂರ್ಯೋದಯ. 2025ರಲ್ಲಿ ಅಮಾವಾಸ್ಯೆ ಮುಗಿದು ಪಾಡ್ಯ ಹುಟ್ಟಿದ್ದು ನಮ್ಮ ಗಡಿಯಾರದಲ್ಲಿ ಮಾರ್ಚ್ 29ರ ಸಂಜೆ ಸುಮಾರು ನಾಲ್ಕೂವರೆಗೆ. ಹಾಗಾಗಿ ನಮಗೆ ಪಾಡ್ಯದ ಸೂರ್ಯೋದಯ 30ರಂದು. ಅದೇ ಕ್ಷಣದಲ್ಲಿ ಕ್ಯಾಲಿಫೋರ್ನಿಯಾದಲ್ಲಿ 29ರ ನಸುಕಿನ ನಾಲ್ಕು ಗಂಟೆ, ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಮೂರು ಗಂಟೆ ಕಳೆದು ಹುಟ್ಟಿದ ಸೂರ್ಯ ಪಾಡ್ಯದ ಸೂರ್ಯನೇ. ಒಂಟಿಕೊಪ್ಪಲ್ ಪಂಚಾಂಗವನ್ನು ಗೋಡೆಗೆ ತೂಗುಹಾಕಿಕೊಂಡರೂ ಅದು ಕರ್ನಾಟಕದ ಸೂರ್ಯನಿಗೆ ಗಣಿಸಿದ್ದು ಎಂಬುದು ನೆನಪಿರಲಿ.

ಈ ವರ್ಷ ಜಗಳವಿಲ್ಲ, ನಿಮಗೂ ನಮಗೂ 19. ಆದರೂ ಒಂದು ವಿಶೇಷವಿದೆ: 19ರಂದು ಇಲ್ಲಿ ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಾದ ಮೇಲೆ, ಸುಮಾರು ಆರೂ ಐವತ್ತಕ್ಕೆ ಪಾಡ್ಯ ಬಂದು, ಮರುದಿನದ ಸೂರ್ಯೋದಯಕ್ಕೆ ಮೊದಲೇ ಹೋಗಿಬಿಡುತ್ತದೆ. ನಿಮ್ಮಲ್ಲಿ ಮಾತ್ರ ಅದು ಸೂರ್ಯೋದಯಕ್ಕೆ ಸರಿಯಾಗಿ ಸಿಗುತ್ತದೆ. ಇದನ್ನು ಅಜ್ಜಿಗೆ ಹೇಳು, ಸಂತೋಷಪಡುತ್ತಾರೆ.

ಪ್ರಶ್ನೆ: ಐವರು ಒಂದು ಅಡುಗೆಮನೆ ಹಂಚಿಕೊಂಡಿದ್ದೇವೆ. ಫ್ರಿಜ್ಜಿನಲ್ಲಿ ಎಲ್ಲ ಬಗೆಯ ಮಾಂಸವೂ ಇರುತ್ತದೆ. ಅಲ್ಲಿ ಬೇಯಿಸಿದ್ದನ್ನು ದೇವರಿಗೆ ಇಡಬೇಡ ಎಂದು ಅಮ್ಮ ಹೇಳುತ್ತಾರೆ. ಜೊತೆಯವರನ್ನು ಊಟಕ್ಕೆ ಕರೆಯಲು ನನಗೆ ಆಸೆ. ಎರಡನ್ನೂ ಹೇಗೆ ಸರಿದೂಗಿಸಲಿ?
— ಪಿ., ಮ್ಯಾಂಚೆಸ್ಟರ್

ನಿನ್ನ ಅಮ್ಮನ ಮಾತನ್ನೂ ಮೀರಬೇಡ, ಗೆಳೆಯರನ್ನೂ ಬಿಡಬೇಡ. ದೇವರಿಗೆ ನಿನ್ನ ಕೋಣೆಯಲ್ಲೇ ಹಾಲು ಸಕ್ಕರೆ, ಎರಡು ಬಾಳೆಹಣ್ಣು ಇಡು. ನಮ್ಮ ಮನೆಗಳಲ್ಲಿ ಮಡಿಗೆ ಅಡ್ಡಿಯಾದ ದಿನ ಹಿರಿಯರೇ ಹೀಗೆ ಮಾಡುತ್ತಿದ್ದರು, ಹೊಸದೇನಲ್ಲ. ಮನುಷ್ಯರಿಗೆ ಅಡುಗೆ ಆ ಅಡುಗೆಮನೆಯಲ್ಲಿ ಆಗಲಿ. ಒಂದು ಬಾಣಲೆ, ಒಂದು ಸೌಟು, ಒಂದು ಲಟ್ಟಣಿಗೆಯನ್ನು ನಿನ್ನದೇ ಎಂದು ಕೋಣೆಯಲ್ಲಿ ಇಟ್ಟುಕೋ.

ಅವರ ಊಟದ ಬಗ್ಗೆ ಮಾತೇ ಎತ್ತಬೇಡ. ನಾವು ಅತಿಥಿಯ ಎದುರು ಮೂಗು ಮುರಿಯುವವರಲ್ಲ. ಆದರೆ ನಿನ್ನ ಅಡುಗೆಯಲ್ಲಿ ಏನಿದೆ ಎಂಬುದನ್ನು ಮೊದಲೇ ಹೇಳು: ಹೋಳಿಗೆಯಲ್ಲಿ ಗೋಧಿಯ ಹಿಟ್ಟು, ಚಿತ್ರಾನ್ನದಲ್ಲಿ ಕಡಲೆಕಾಯಿ, ಪಾಯಸದಲ್ಲಿ ಗೋಡಂಬಿ, ಎಲ್ಲದರ ಮೇಲೆ ತುಪ್ಪ. ಕಡಲೆಕಾಯಿ, ಗೋಡಂಬಿ ಒಗ್ಗದವರಿಗೆ ಅದು ಪ್ರಾಣಕ್ಕೇ ಬರಬಹುದು. ಇಲ್ಲಿ ನಾವು ಇದನ್ನು ಯೋಚಿಸುವುದೇ ಇಲ್ಲ, ಅಲ್ಲಿ ಕೇಳದೆ ಬಡಿಸಬಾರದು.

ಮೊದಲ ಸಲವೇ ಹೋಳಿಗೆಗೆ ಕೈ ಹಾಕುವುದಾದರೆ ಹೂರಣವನ್ನು ಹಿಂದಿನ ರಾತ್ರಿ ರುಬ್ಬಿಡು. ಕಣಕ ಎರಡು ಗಂಟೆಯಾದರೂ ಎಣ್ಣೆಯಲ್ಲಿ ನೆನೆಯಲಿ. ಹೂರಣ ನೀರಾಯಿತೋ, ಗಾಬರಿಯಾಗದೆ ಬಾಣಲೆಗೆ ಹಾಕಿ ಮಗುಚು, ಗಟ್ಟಿಯಾಗುತ್ತದೆ. ಜರ್ಮನಿಯಲ್ಲಿ ಓದುವವರು 405 ಎಂದು ಬರೆದಿರುವ ಹಿಟ್ಟು ಕೊಂಡರೆ ಅದೇ ನಮ್ಮ ಮೈದಾ.

ಪ್ರಶ್ನೆ: ಕೋಣೆಯಲ್ಲಿ ದೀಪ ಹಚ್ಚಬಹುದೇ? ಒಗ್ಗರಣೆಗೆ ಅಲಾರಂ ಕೂಗುತ್ತದೆಯೇ?
— ಕೆ., ಸ್ಟುಟ್‌ಗಾರ್ಟ್

ಹಾಸ್ಟೆಲಿನ ಒಪ್ಪಂದ ಓದು. ಬಹುಪಾಲು ಕಡೆ ಕೋಣೆಯಲ್ಲಿ ಬೆಂಕಿ ನಿಷಿದ್ಧ, ಎಣ್ಣೆದೀಪವೂ ಬೆಂಕಿಯೇ. ಬ್ಯಾಟರಿ ದೀಪ ಇಟ್ಟು ಕೈಮುಗಿ. ಜರ್ಮನಿಯಲ್ಲಿ ಮಲಗುವ ಕೋಣೆಗೆ ಹೊಗೆಯ ಅಲಾರಂ ಕಾನೂನಿನಂತೆ ಕಡ್ಡಾಯ. ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವ ಬುದ್ಧಿಯನ್ನು ಯಾರು ಹೇಳಿದರೂ ಕೇಳಬೇಡ. ಒಗ್ಗರಣೆ ಅಡುಗೆಮನೆಯಲ್ಲಿ, ಕಿಟಕಿ ತೆರೆದು, ಕೋಣೆಯ ಬಾಗಿಲು ಮುಚ್ಚಿ. ಮೆಣಸಿನಕಾಯಿಯನ್ನು ಕೊನೆಗೆ ಹಾಕು.

ಪ್ರಶ್ನೆ: ನವೆಂಬರ್ 1ಕ್ಕೆ ಮ್ಯೂನಿಕ್‌ನಲ್ಲಿ ಡೊಳ್ಳು, ಕೋಲಾಟದೊಂದಿಗೆ ರಾಜ್ಯೋತ್ಸವ ಮಾಡಬೇಕೆಂದಿದ್ದೇವೆ. ಅಂದು ಇಲ್ಲಿ ರಜೆ ಕೂಡ ಇದೆ!
— ಕನ್ನಡ ವಿದ್ಯಾರ್ಥಿಗಳು

ಆ ರಜೆ ಸಂಭ್ರಮದ್ದಲ್ಲ. ಅದು ಸಕಲ ಸಂತರ ದಿನ. ಜನ ಸಮಾಧಿಗಳಿಗೆ ಹೋಗಿ ಅಗಲಿದವರಿಗೆ ದೀಪ ಇಡುತ್ತಾರೆ. ಬವೇರಿಯಾದಲ್ಲಿ ಅದು ಕಾನೂನಿನ ಪ್ರಕಾರ ಮೌನದ ದಿನ, ಸಾರ್ವಜನಿಕ ಕುಣಿತ ಕೂಡದು. ಈ ವರ್ಷ ಅದು ಭಾನುವಾರ ಬೇರೆ. ಬೆಳಿಗ್ಗೆ ಮನೆಯೊಳಗೆ ಬಾವುಟ ಇಟ್ಟು ನಾಡಗೀತೆ ಹಾಡಿ. ಡೊಳ್ಳನ್ನು ಮುಂದಿನ ಶನಿವಾರ, 7ರಂದು ಎತ್ತಿ. ಮಾರನೆಯ ದಿನವೇ ದೀಪಾವಳಿಯ ಅಮಾವಾಸ್ಯೆ, ಎರಡೂ ಕೂಡಿಬರುತ್ತವೆ.

ಪ್ರಶ್ನೆ: ಮಗ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ಕಳೆದ ಯುಗಾದಿಯ ದಿನ ಬೆಳಿಗ್ಗೆ ಹತ್ತಕ್ಕೆ, ಪೂಜೆ ಮುಗಿಸಿ, ಎಲ್ಲರೂ ಕೂತಿದ್ದಾಗ ವಿಡಿಯೋ ಕರೆ ಮಾಡಿ ಬಡಿಸಿದ ಎಲೆ ತೋರಿಸಿದೆ. ‘ನನಗೆ ಇದೆಲ್ಲ ಬೇಡಮ್ಮ’ ಎಂದು ಕರೆ ತುಂಡರಿಸಿದ. ಒಂದು ವರ್ಷದಿಂದ ಆ ಮಾತು ಕೊರೆಯುತ್ತಿದೆ. ನಮ್ಮನ್ನು ಮರೆಯುತ್ತಿದ್ದಾನೆಯೇ?
— ಒಬ್ಬ ತಾಯಿ, ಶಿವಮೊಗ್ಗ

ಅಮ್ಮಾ, ಮೊದಲು ಗಡಿಯಾರದ ಲೆಕ್ಕ. ಕಳೆದ ಮಾರ್ಚ್ 30ರ ನಸುಕಿನಲ್ಲೇ ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ್ದರು. ನಿಮ್ಮ ಹತ್ತು ಗಂಟೆ ಅವನಿಗೆ ಭಾನುವಾರದ ಬೆಳಗಿನ ಐದೂವರೆ, ಹಿಂದಿನ ದಿನದ ಲೆಕ್ಕದಲ್ಲಿ ನಾಲ್ಕೂವರೆ. ನಿದ್ದೆಗಣ್ಣಿನಲ್ಲಿ ಅವನು ಕಂಡದ್ದು ತಾನಿಲ್ಲದ ಮನೆ, ತನಗೆ ಹಾಕದ ಎಲೆ. ಬೇಡ ಎಂದದ್ದು ನಿಮ್ಮನ್ನಲ್ಲ, ಅದನ್ನು ನೋಡುವುದನ್ನು.

ನನ್ನ ಅಮ್ಮ ಆ 2000ದ ಯುಗಾದಿಯ ನಂತರ ಬರೆದ ಪತ್ರದಲ್ಲಿ ಮಳೆಯ ಬಗ್ಗೆ, ತೆಂಗಿನ ನುಸಿರೋಗದ ಬಗ್ಗೆ, ಪಕ್ಕದ ಮನೆಯ ಹಸು ಕರು ಹಾಕಿದ್ದರ ಬಗ್ಗೆ ಎರಡು ಪುಟ ಬರೆದಿದ್ದರು. ಹಬ್ಬಕ್ಕೆ ಏನು ಅಡುಗೆ ಎಂದು ಒಂದು ಸಾಲೂ ಇರಲಿಲ್ಲ. ನನಗೆ ಆಗ ಕೋಪ ಬಂದಿತ್ತು. ಆ ವರ್ಷ ಅಮ್ಮ ಹೋಳಿಗೆಯನ್ನೇ ತಟ್ಟಲಿಲ್ಲ, ಪಾಯಸದಲ್ಲಿ ಮುಗಿಸಿದರು ಎಂದು ಅತ್ತಿಗೆ ಹೇಳಿದ್ದು ಎಂಟು ವರ್ಷದ ಮೇಲೆ.

ಈ ಸಲ 19ಕ್ಕೆ ಬ್ರಿಟನ್ನಿಗೂ ನಮಗೂ ಐದೂವರೆ ಗಂಟೆಯ ಅಂತರ. ರಾತ್ರಿ ಹನ್ನೊಂದರ ತನಕ ಎಚ್ಚರವಿರಿ. ಅವನಿಗೆ ಆಗ ಸಂಜೆ ಐದೂವರೆ, ಕೆಲಸ ಮುಗಿಸಿ ಹೊರಬೀಳುವ ಹೊತ್ತು. ವಿಡಿಯೋ ಬೇಡ, ಬರಿಯ ಧ್ವನಿ ಸಾಕು. ಎಲೆಯ ಮೇಲೆ ಏನೇನಿತ್ತು ಎಂದು ಹೇಳಬೇಡಿ, ಹಬ್ಬ ಮಾಡಿದೆಯಾ ಎಂದು ಕೇಳಬೇಡಿ. ಊಟ ಆಯಿತೇ, ಜೊತೆಗೆ ಯಾರಿದ್ದಾರೆ, ಅಲ್ಲಿ ಚಳಿ ಕಡಿಮೆಯಾಯಿತೇ ಎಂದು ಕೇಳಿ. ಅವನೇ ಹೋಳಿಗೆಯ ಮಾತೆತ್ತಿದರೆ ಹೂರಣಕ್ಕೆ ಎಷ್ಟು ಬೆಲ್ಲ ಎಂದು ಹೇಳಿಕೊಡಿ. ಎತ್ತದಿದ್ದರೆ ಸುಮ್ಮನಿರಿ. ದೀಪಾವಳಿ ನವೆಂಬರಿನಲ್ಲಿದೆ, ಆಗ ಮತ್ತೆ ಮಾತನಾಡಬಹುದು.